ಮೀಸೆ ಕರಗಿದ ಸ್ಕೌಟು

ನಮ್ಮ ಅತ್ತೆಯ ಮಗನಷ್ಟು ಜನರಿಗೆ ಉಪಕಾರ ಮಾಡಿದವನು ಆ ಕಾಲದ ಕೊಪ್ಪಳದಲ್ಲಿ ಇನ್ನೊಬ್ಬನಿರಲಿಲ್ಲ. ಅವನಷ್ಟು ಜನರಿಂದ ಬೈಸಿಕೊಂಡವನೂ ಇನ್ನೊಬ್ಬನಿರಲಿಲ್ಲ. ಉಪಕಾರ ಮಾಡಿಸಿಕೊಂಡವರೇ ಬೈದವರು ಎಂಬುದು ಇದರ ಸೊಗಸು! ಅವನು ಖಾಕಿ ಚಡ್ಡಿ ತೊಟ್ಟು, ಹ್ಯಾಟು ಇಟ್ಟು, ಕೋಲು ಹಿಡಿದು ಓಣಿಗೆ ಇಳಿದನೆಂದರೆ ಮುದುಕಿಯರು ಊರುಗೋಲು ಬಚ್ಚಿಟ್ಟು ಚುರುಕಾಗಿ ನಡೆಯುತ್ತಿದ್ದರು. ನೀವು ನಗುತ್ತೀರಿ. ನಗಿರಿ, ನಿಮಗೇನು? ಅವನ ಉಪಕಾರಗಳಿಗೆಲ್ಲ ನೀರು ಹೊತ್ತವನು ನಾನು, ಕಲ್ಲು ಹೊತ್ತವನು ನಾನು, ಬೈಗುಳದಲ್ಲಿ ಅರ್ಧ ಪಾಲು ಹೊತ್ತವನೂ ನಾನೇ. ಈಗ ನನಗೆ ಮೊಮ್ಮಕ್ಕಳಿದ್ದಾರೆ. ಈಗಲೂ ಯಾರಾದರೂ ವೇದಿಕೆಯ ಮೇಲೆ ನಿಂತು ‘ಸಮಾಜಸೇವೆ’ ಎಂದರೆ ನನ್ನ ಬಲ ಹೆಗಲು ತಾನಾಗಿಯೇ ನೋಯಲು ಶುರುವಾಗುತ್ತದೆ.

ಅದು ನಿಜಾಮರ ಕಾಲ. ಸಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಪೆಟ್ಟು ತಿನ್ನುವಾಗ ಎರಡೂ. ನಮ್ಮ ಡ್ರಿಲ್ ಮಾಸ್ತರರು ಹೈದರಾಬಾದಿಗೆ ಹೋಗಿ ತರಬೇತಿ ಮುಗಿಸಿ ಬಂದವರು ಸಾಲೆಯಲ್ಲಿ ಸ್ಕೌಟು ಶುರು ಮಾಡಿದರು. ಅತ್ತೆಯ ಮಗನನ್ನು ‘ಹುಲಿ ದಳ’ಕ್ಕೆ ಲೀಡರ್ ಮಾಡಿದರು. ಅವತ್ತಿನಿಂದ ಅವನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಕರೆದರೆ ಅವನು ತಿರುಗಿ ನೋಡುತ್ತಿರಲಿಲ್ಲ. ನಾನು ಹುಲಿ ಆದದ್ದು ನನ್ನ ಇಷ್ಟದಿಂದಲ್ಲ. ಒಂದೇ ಮನೆಯಲ್ಲಿ, ಒಂದೇ ಕಂಬಳಿಯಲ್ಲಿ ಮಲಗುವವನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಸ್ಕೌಟುಗಳಿಗೆ ದಿನಕ್ಕೊಂದು ಪರೋಪಕಾರ ಕಡ್ಡಾಯ. ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕಿಕೊಳ್ಳಬೇಕು, ಉಪಕಾರ ಮಾಡಿದ ಮೇಲೆ ಬಿಚ್ಚಬೇಕು. ಉಳಿದ ಹುಡುಗರು ಬೇಸರ ಬಂದಾಗ ಬಿಚ್ಚುತ್ತಿದ್ದರು. ಲೀಡರ್ ಹಾಗಲ್ಲ. ಗಂಟು ಬಿಚ್ಚುವವರೆಗೆ ಅವನು ಊಟ ಮಾಡುತ್ತಿರಲಿಲ್ಲ, ನನಗೂ ಮಾಡಗೊಡುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನವಾದರೂ ಯಾರಿಗೂ ಏನೂ ಕಷ್ಟ ಬಂದಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ಹೊಲದ ಬಾವಿಯಲ್ಲಿ ಬಡಿಗೇರನೊಬ್ಬ ಆರಾಮಾಗಿ ಈಸು ಬಿದ್ದಿದ್ದ. ಲೀಡರ್ ಹಗ್ಗದ ಕುಣಿಕೆ ಎಸೆದು ಅವನನ್ನು ಕಂಕುಳಿಗೆ ಬಿಗಿದು ದಡಕ್ಕೆ ಎಳೆದುಬಿಟ್ಟ. ಎಳೆದದ್ದು ಎಂದರೆ, ಹುಕುಂ ಅವನದು, ಎಳೆದವನು ನಾನು.

“ಲೇ, ನಾ ಈಸಾಕತ್ತಿದ್ನಲೇ!” ಬಡಿಗೇರ ಕೆಮ್ಮುತ್ತ ಕೂಗಿದ.

“ಒಂದ್ ವ್ಯಾಳೆ ಮುಳುಗಿದ್ರ?” ಎಂದ ಲೀಡರ್, ಗಂಟು ಬಿಚ್ಚುತ್ತ. “ನಡಿಯಲೇ, ಊಟಕ್ಕ ಹೋಗೂಣು.”

ಇದಾದರೂ ನೀರಿನಲ್ಲಿ ಹೋಯಿತೆನ್ನೋಣ. ಎಡಗೈ ಪ್ರಸಂಗ ಮಾತ್ರ ನಮ್ಮನ್ನು ಬಹಳ ದಿನ ಕಾಡಿತು. ಸ್ಕೌಟುಗಳು ಎಡಗೈಯಿಂದ ಕೈಕುಲುಕಬೇಕು, ಅದು ಹೃದಯಕ್ಕೆ ಹತ್ತಿರದ ಕೈ ಎಂದು ಮಾಸ್ತರರು ಹೇಳಿಕೊಟ್ಟಿದ್ದರು. ನಮ್ಮ ಕಡೆ ಎಡಗೈ ಯಾವುದಕ್ಕೆ ಹತ್ತಿರ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲವಷ್ಟೆ! ಲೀಡರ್ ನೇರವಾಗಿ ಓಣಿಯ ಗೌಡರ ಕಟ್ಟೆಗೆ ಹೋಗಿ, ಆಗಷ್ಟೇ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೂತಿದ್ದ ಅವರ ಮುಂದೆ ಎಡಗೈ ಚಾಚಿದ.

“ಯಾವ ಕೈಲೇ ಅದು?”

“ಹೃದಯದ ಕೈರಿ ಗೌಡ್ರ.”

ಗೌಡರು ಎದ್ದು ಒಳಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿದರು. ಅವತ್ತಿನಿಂದ ಲೀಡರ್ ಏನು ಕೇಳಿದರೂ ಗೌಡರ ಬಾಯಲ್ಲಿ ‘ಇಲ್ಲ’ ಎಂಬ ಒಂದೇ ಮಾತು. ಆ ಓಣಿಯಲ್ಲಿ ಒಂದು ಕಲ್ಲು ಅಲುಗಬೇಕಾದರೂ ಅವರ ಒಪ್ಪಿಗೆ ಬೇಕಿತ್ತು.

ಈಗ ಅತ್ತೆಯ ವಿಷಯ ಹೇಳಬೇಕು. ಅತ್ತೆ ಎಂದರೆ ನಮ್ಮಪ್ಪನ ತಂಗಿ, ಲೀಡರನ ತಾಯಿ. ಆಕೆಯನ್ನು ಕುಷ್ಟಗಿಯ ಕಡೆ ಕೊಟ್ಟಿತ್ತು. ಗಂಡ ಸೊಲ್ಲಾಪುರದ ಗಿರಣಿಗೆಂದು ಹೋದವರು ಹೋದರೇ, ತಿರುಗಿ ಬರಲಿಲ್ಲ. ಮಗನನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದ ಹೆಣ್ಣುಮಗಳು ದುಡಿಮೆಯಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಪ್ರತಿ ವರ್ಷ ಮುಂಗಾರು ಬಿತ್ತನೆ ಹತ್ತಿರ ಬಂತೆಂದರೆ ಆಕೆಯ ಕಾಲಲ್ಲಿ ನಾರುಹುಣ್ಣು ಏಳುತ್ತಿತ್ತು. ನಾರುಹುಣ್ಣು ಈಗಿನವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಕಾಲಲ್ಲಿ ಬೊಕ್ಕೆ ಎದ್ದು, ಒಡೆದು, ಅದರಿಂದ ನೂಲಿನಂಥ ಹುಳು ಹೊರಗೆ ಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಹರಿದರೆ ಕಾಲೇ ಕೊಳೆಯುತ್ತದೆ. ಊರಿಗೆ ಊರೇ ಬಿತ್ತುವ ಹೊತ್ತಿನಲ್ಲಿ ಅತ್ತೆ ಹೊರಸಿನ ಮೇಲೆ ಕಾಲು ಚಾಚಿ ಮಲಗಿರುತ್ತಿದ್ದಳು. ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನದಿದ್ದರೇನು? “ಬಿತ್ತೂ ಹೊತ್ತಿನಾಗ ಕುಂತು ಉಂಡ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲೋ,” ಎಂದು ಅತ್ತೆ ಅರ್ಧ ರೊಟ್ಟಿಗೇ ತಟ್ಟೆ ಸರಿಸುತ್ತಿದ್ದಳು. ಉಳಿದರ್ಧವನ್ನು ಲೀಡರ್ ಕೈಯಲ್ಲಿ ಹಿಡಿದುಕೊಂಡು ಹೊರಸಿನ ಪಕ್ಕ ನಿಂತಿರುತ್ತಿದ್ದ.

ಒಮ್ಮೆ ಅವನು ಸರಕಾರಿ ದವಾಖಾನೆಗೆ ಹೋಗಿ ಡಾಕ್ಟರರಿಗೆ ಸೆಲ್ಯೂಟು ಹೊಡೆದು, ಇದು ಯಾಕೆ ಬರುತ್ತದೆ ಎಂದು ಕೇಳಿದ. ಅವರು ಬಿಡಿಸಿ ಹೇಳಿದರು: ಹುಣ್ಣಿನ ಕಾಲು ನೀರಿಗೆ ಬಿದ್ದರೆ ಹುಳುವಿನ ಮರಿಗಳು ನೀರಿಗೆ ಸೇರುತ್ತವೆ, ಆ ನೀರು ಕುಡಿದವರ ಕಾಲಲ್ಲಿ ಮುಂದಿನ ವರ್ಷ ಏಳುತ್ತವೆ, ಬಾವಿಯ ನೀರಿಗೆ ಯಾರೂ ಕಾಲಿಡದಿದ್ದರೆ ಮುಗಿಯಿತು. ಇಷ್ಟೇ! ಆದರೆ ನಮ್ಮ ಓಣಿಯದು ಮೆಟ್ಟಿಲ ಬಾವಿ. ಕೊಡ ತುಂಬಬೇಕಾದರೆ ನೀರಿನವರೆಗೆ ಇಳಿಯಲೇಬೇಕು. ಇಳಿದವರು ಮೊದಲು ಕಾಲು ತೊಳೆದುಕೊಳ್ಳಲೇಬೇಕು, ಏಕೆಂದರೆ ಧೂಳುಗಾಲಿನಲ್ಲಿ ಗಂಗಮ್ಮನನ್ನು ಮುಟ್ಟುವುದು ಪಾಪ. ಆ ಕಾಲನ್ನು ಎಲ್ಲಿ ತೊಳೆಯುತ್ತಿದ್ದರು ಅಂತೀರಿ? ಗಂಗಮ್ಮನಲ್ಲೇ! ತಲೆತಲಾಂತರದಿಂದ ಹಾಗೆ ಮಡಿಯಿಂದ ಕಾಲು ತೊಳೆದು ತೊಳೆದು ನಾವು ಹುಳುವನ್ನು ಸಾಕಿದ್ದೆವು.

ಅದೇ ವಾರ ಮಾಸ್ತರರು ಪ್ರತಿ ದಳವೂ ಒಂದೊಂದು ಖಿದ್ಮತ್, ಅಂದರೆ ಸೇವೆಯ ಕೆಲಸ ಮಾಡಬೇಕು, ಗಂಗಾವತಿಯ ಸ್ಕೌಟು ಶಿಬಿರದಲ್ಲಿ ದೊಡ್ಡ ಸಾಹೇಬರ ಮುಂದೆ ಒಪ್ಪಿಸಬೇಕು ಎಂದು ಹುಕುಂ ಮಾಡಿದರು. ನವಿಲು ದಳದವರು ಬುದ್ಧಿವಂತರು, ಕಚೇರಿಯ ಅಂಗಳ ಗುಡಿಸುತ್ತೇವೆಂದರು. ಅದನ್ನು ಜವಾನರು ಮೊದಲೇ ಗುಡಿಸಿರುತ್ತಿದ್ದರು. ನಾನು ಲೀಡರನ ಮುಖ ನೋಡಿದೆ. ನಾವೂ ಎಲ್ಲಾದರೂ ಗುಡಿಸಿದ ಅಂಗಳ ನೋಡೋಣ ಎಂದು ಕಣ್ಣಲ್ಲೇ ಬೇಡಿಕೊಂಡೆ.

“ಹುಲಿ ದಳ ಬಾವಿ ಕಾಯ್ತದರಿ ಮಾಸ್ತರ,” ಎಂದ ಅವನು.

ಮೆಟ್ಟಿಲಿಗೆ ಅಡ್ಡ ಗೋಡೆ, ಬಾವಿಯ ಮೇಲೆ ತೊಲೆ, ತೊಲೆಗೆ ಗಡಗಡೆ, ಅಂದರೆ ಹಗ್ಗದ ರಾಟೆ. ಮೇಲಿನಿಂದ ಹಗ್ಗ ಬಿಟ್ಟು ಸೇದಿದರೆ ಯಾರೂ ಇಳಿಯಬೇಕಿಲ್ಲ. ನಮ್ಮ ಮನೆಯ ಗೋಡೆಯ ತುಂಬ ಇದ್ದಿಲಿನಲ್ಲಿ ಚಿತ್ರ ಬರೆದು, ತೊಲೆ ಬೇವಿನದಾದರೆ ಹೇಗೆ, ಜಾಲಿಯದಾದರೆ ಹೇಗೆ, ಗಡಗಡೆ ಒಂದು ಸಾಕೋ ಎರಡು ಬೇಕೋ ಎಂದು ಅವನು ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಮುಂದೆ ಕೂತು ಒಬ್ಬನೇ ವಾದ ಮಾಡುತ್ತಿದ್ದ. ಗೌಡರನ್ನು ಕೇಳಲು ಹೋದೆವು. ಅವರು ಅವನ ಎಡಗೈಯನ್ನೇ ನೋಡುತ್ತ ‘ಇಲ್ಲ’ ಎಂದರು.

ಸರಿ, ಹುಲಿಗಳು ತಾವೇ ಮೆಟ್ಟಿಲಿಗೆ ಜಾಲಿ ಮುಳ್ಳಿನ ಬೇಲಿ ಹಾಕಿದವು. ಮುಳ್ಳು ಕಡಿದು, ಹೊತ್ತು, ತಂದು ಹಾಕುವಷ್ಟರಲ್ಲಿ ನನ್ನ ಬೆನ್ನು ಜರಡಿಯಾಗಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಬೇಲಿ ಇಲ್ಲ! “ಯಾರೋ ಪುಣ್ಯಾತ್ಮರು ಒಣ ಕಟಿಗಿ ತಂದು ಬಾವಿತನಕ ಮುಟ್ಟಿಸಿದ್ರವ್ವ,” ಎಂದು ಹೆಂಗಸರು ಮಾತಾಡಿಕೊಂಡರು. ಅವತ್ತು ಓಣಿಯ ಒಲೆಗಳೆಲ್ಲ ಭಾಳ ಛಲೋ ಉರಿದವು.

ಆಮೇಲೆ ಪಹರೆ. ಮೆಟ್ಟಿಲ ಮೇಲೆ ಕೋಲು ಹಿಡಿದು ನಿಂತು, ಬಂದವರಿಗೆ, “ಇಳೀಬ್ಯಾಡ್ರಿ, ನಾವ ಹಗ್ಗ ಬಿಟ್ಟು ಸೇದಿ ಕೊಡ್ತೀವಿ,” ಎಂದು ಲೀಡರ್ ಘೋಷಿಸಿದ. ‘ನಾವ’ ಎಂಬ ಮಾತಿನಲ್ಲಿ ನಾನಿದ್ದೆ. ಗಡಗಡೆಯಿಲ್ಲದ ಬಾವಿಯಿಂದ ಬರಿಗೈಯಲ್ಲಿ ಸೇದುವುದೆಂದರೇನು ಅಂತ ಗೊತ್ತೇ? ಮೊದಲ ದಿನ ಕೊಡ ತಂದವರು ಎರಡನೆಯ ದಿನ ಹಂಡೆ ತಂದರು. ಮೂರನೆಯ ದಿನ ಒಬ್ಬಾಕೆ ಎಮ್ಮೆಯನ್ನೇ ಹೊಡೆದುಕೊಂಡು ಬಂದಳು.

“ಹೆಂಗೂ ಸೇದಾಕತ್ತೀಯಲ್ಲ ತಮ್ಮಾ, ಇದರ ಮೈಗೂ ನಾಕ ಕೊಡ ಹಾಕು.”

ನಾನು ಕೂತುಬಿಟ್ಟೆ. “ಲೀಡರ್, ಸಾಕು. ನನ್ನ ಕೈ ನಂದಲ್ಲ ಅನ್ನಸಾಕತ್ತೈತಿ,” ಎಂದೆ. ಅವನು, “ಸ್ಕೌಟು ಕುಂಡ್ರಂಗಿಲ್ಲ, ಏಳು,” ಎಂದ. ಎಮ್ಮೆಗೆ ನೀರು ಹಾಕಿದವನೂ ನಾನೇ. ಎಮ್ಮೆಯೊಂದೇ ಬೈಯದೆ ಹೋಯಿತು.

ನಾವು ಸಾಲೆಗೆ ಹೋದಾಗ ಬಾವಿ ಕಾಯುವವರು ಯಾರು? ಅದಕ್ಕೆ ಅವನು ಒಂದು ಉಪಾಯ ಹೂಡಿದ. ಕಿನ್ನಾಳದ ಚಿತ್ರಗಾರರಿಂದ ಆಳೆತ್ತರದ ಮರದ ಸ್ಕೌಟನ್ನು ಮಾಡಿಸಿ, ಕೈಯನ್ನು ‘ನಿಲ್ಲಿ’ ಎಂಬಂತೆ ಅಡ್ಡ ಹಿಡಿಸಿ, ಕೊನೆಯ ಮೆಟ್ಟಿಲ ಮೇಲೆ ನಿಲ್ಲಿಸುವುದು. ಕಿನ್ನಾಳಕ್ಕೆ ನಡೆದುಕೊಂಡೇ ಹೋದೆವು. ಕೂಲಿಗೆ ಬದಲಾಗಿ ನಾವು ಅಲ್ಲೇ ಇದ್ದು ಗೊಂಬೆಗೆ ಬಳಿಯುವ ಅಂಟಿಗೆ ಹುಣಸೆ ಬೀಜ ಕುಟ್ಟಿಕೊಡಬೇಕೆಂದು ಒಪ್ಪಂದವಾಯಿತು. ಹುಣಸೆ ಬೀಜಕ್ಕೆ ನನ್ನ ಮೇಲೆ ಏನು ಹಗೆಯಿತ್ತೋ, ಒನಕೆ ಬಿದ್ದಷ್ಟೂ ಅದು ಗಟ್ಟಿಯಾಗುತ್ತಿತ್ತು. ಆ ಚಿತ್ರಗಾರ ಮುದುಕ ಜೀವಮಾನವಿಡೀ ದೇವರನ್ನು ಮಾಡಿದವನು, ಹ್ಯಾಟು ಕಂಡವನಲ್ಲ. ಕೊನೆಗೆ ಬಟ್ಟೆ ಸರಿಸಿ ತೋರಿಸಿದಾಗ ನಮ್ಮ ಸ್ಕೌಟಿಗೆ ಕಿರೀಟದಂಥ ಹ್ಯಾಟು, ಕಿವಿಯವರೆಗೆ ಕಣ್ಣು, ಗಿರಿಜಾ ಮೀಸೆ!

“ಯಜ್ಜಾ, ಇದರ ಕಣ್ಣು ಇಷ್ಟ್ಯಾಕ ದೊಡ್ಡವು?” ಎಂದು ಲೀಡರ್ ಗಾಬರಿಯಿಂದ ಕೇಳಿದ.

“ನನ್ನ ಕೈಗೆ ಇದs ಕಣ್ಣು ಬರೂದು ತಮ್ಮಾ. ಬ್ಯಾರೆ ಕಣ್ಣು ಬ್ಯಾರೆ ಕಡೆ ಮಾಡಸ್ಕೋ.”

ಸರದಿಯ ಮೇಲೆ ಹೊತ್ತು ತಂದೆವು. ಸರದಿ ಯಾಕೋ ನನಗೇ ಹೆಚ್ಚು ಸಲ ಬಂತು. ಮೆಟ್ಟಿಲ ಮೇಲೆ ನಿಲ್ಲಿಸಿ ಸಾಲೆಗೆ ಹೋಗಿ ಸಂಜೆ ಬಂದು ನೋಡುತ್ತೇವೆ, ಸ್ಕೌಟಿನ ಹಣೆಗೆ ಕುಂಕುಮ, ಕೊರಳಿಗೆ ಹಾರ, ಮುಂದೆ ಒಡೆದ ಕಾಯಿ! ಬಾವಿ ಕಾಯುವ ದೇವರು ತಾನಾಗಿಯೇ ಬಂದು ನಿಂತಿದೆ ಎಂದು ಓಣಿಯೆಲ್ಲ ಸುದ್ದಿ. ದೇವರಿಗೆ ಪ್ರದಕ್ಷಿಣೆ ಹಾಕಬೇಕಾದರೆ ನೀರಿಗೇ ಇಳಿಯಬೇಕಲ್ಲ? ಮೊದಲು ಪಾದ ಮುಳುಗಿಸುತ್ತಿದ್ದವರು ಈಗ ಮೊಣಕಾಲವರೆಗೆ ಇಳಿದರು. ದಿನಾ ಅಭಿಷೇಕ ಬೇರೆ. ಬಣ್ಣ ಎಷ್ಟು ದಿನ ತಡೆದೀತು? ನೋಡನೋಡುತ್ತ ಮೀಸೆ ಕರಗಿತು. ಮೀಸೆ ಹೋದ ಮೇಲೆ ಅದು ದೇವರಲ್ಲ, ದೇವಿ ಎಂದು ತೀರ್ಮಾನವಾಯಿತು. ಸೀರೆ ಉಡಿಸಿದರು.

ನಾನು ನಗಬೇಕೋ ಅಳಬೇಕೋ ತಿಳಿಯದೆ ದಣಿದು ಕೂತಿದ್ದೆ. ಲೀಡರ್ ಮಾತ್ರ ನಗಲಿಲ್ಲ. ಬಿತ್ತನೆಯ ಕಾಲ ಹತ್ತಿರ ಬಂದಿತ್ತು, ಅತ್ತೆಯ ಕಾಲಲ್ಲಿ ಮತ್ತೆ ಬೊಕ್ಕೆ ಎದ್ದಿತ್ತು. ಸಾಲದ್ದಕ್ಕೆ, ಹುಣ್ಣಿನ ಕಾಲನ್ನು ದೇವಿಯ ಪಾದದ ಹತ್ತಿರ ನೀರಲ್ಲಿ ಅದ್ದಿದರೆ ವಾಸಿಯಾಗುತ್ತದೆಂಬ ಮಾತು ಎಲ್ಲಿಂದಲೋ ಹುಟ್ಟಿಕೊಂಡಿತ್ತು. ಶುಕ್ರವಾರ ಓಣಿಯ ಹುಣ್ಣಿನವರನ್ನೆಲ್ಲ ಅದ್ದುವುದೆಂದು ಗೌಡರೇ ಗೊತ್ತು ಮಾಡಿದರು. ಹುಳು ತಡೆಯಲು ಹೊರಟವನು ಹುಳುವಿನ ಜಾತ್ರೆಯನ್ನೇ ಕೂಡಿಸಿದಂತಾಗಿತ್ತು. “ನನ್ನಿಂದs ಆತಲ್ಲೋ ಇದು,” ಎಂದು ಅವನು ಗೋಡೆಗೆ ಹಣೆ ಒತ್ತಿಕೊಂಡು ನಿಂತ.

“ಒಂದು ಸುಳ್ಳು ಹೇಳಿಬಿಡಲೇ,” ಎಂದೆ ನಾನು. “ದೇವಿ ಕನಸಿನಾಗ ಬಂದು ನೀರಾಗ ಕಾಲಿಡಬ್ಯಾಡ್ರಿ ಅಂದ್ಲು ಅನ್ನು. ಎಲ್ಲಾ ಬಗಿಹರೀತೈತಿ.”

“ಸ್ಕೌಟು ಸುಳ್ಳು ಹೇಳಂಗಿಲ್ಲ.”

ಹೊರಸಿನ ಮೇಲೆ ಮಲಗಿದ್ದ ಅತ್ತೆ ಇದನ್ನೆಲ್ಲ ಕೇಳುತ್ತಿದ್ದಳು.

ಶುಕ್ರವಾರ ಬಂತು. ಮೊದಲು ಅತ್ತೆಯದೇ ಸರದಿ. ಹೊರಸಿನ ಸಮೇತ ಬಾವಿಯ ಹತ್ತಿರ ಹೊತ್ತು ತಂದರು. ಲೀಡರ್ ಮೆಟ್ಟಿಲ ಮೇಲೆ ಎರಡೂ ಕೈ ಚಾಚಿ ಅಡ್ಡ ನಿಂತ. ಹ್ಯಾಟು ನೆಟ್ಟಗಿತ್ತು.

“ಅದು ದೇವ್ರಲ್ರಿ! ನಾವ ಕಿನ್ನಾಳದಿಂದ ಹೊತ್ತು ತಂದ ಗೊಂಬಿರಿ!”

“ಎಲ್ಲಾ ದೇವ್ರೂ ಕಿನ್ನಾಳದಿಂದನ ಬರೂದಲೇ!” ಎಂದು ಗೌಡರು ಗುಡುಗಿದರು. “ಸರಿ ಬಾಜೂಕ!”

ಇಬ್ಬರು ಬಂದು ಅವನ ರಟ್ಟೆ ಹಿಡಿದರು. ಆಗ ಹೊರಸಿನ ಮೇಲಿಂದ ಒಂದು ಕೂಗು ಎದ್ದಿತು. ಅತ್ತೆ ಎದ್ದು ಕೂತಿದ್ದಳು. ಕೂದಲು ಬಿಚ್ಚಿಹೋಗಿತ್ತು, ತಲೆ ಗರಗರ ತಿರುಗುತ್ತಿತ್ತು.

“ನನ್ನ ನೀರಂದ್ರ ನನ್ನ ಮೈ! ನನ್ನ ಮೈಮ್ಯಾಲೆ ಕಾಲಿಡಾಕ ಬಂದೀರೇನಲೇ?”

ಜನ ಬಿದ್ದು ಕೈಮುಗಿದರು. ಗೌಡರ ರುಮಾಲು ಕಂಕುಳಿಗೆ ಬಂತು. “ತಪ್ಪಾತು ತಾಯಿ. ಏನ್ ಮಾಡೂಣು, ಅಪ್ಪಣಿ ಕೊಡು.”

“ಮೆಟ್ಟಲಕ್ಕ ಗ್ವಾಡಿ ಕಟ್ಟಸ್ರಿ! ಮ್ಯಾಲೆ ತೊಲಿ ಹಾಕ್ಸ್ರಿ! ಗಡಗಡಿ ಕೂಡಸ್ರಿ!”

“ತೊಲಿ ಬೇವಿಂದು ಹಾಕೂಣೇನು ತಾಯಿ?”

“ಜಾಲಿದು! ಗಡಗಡಿ ಎರಡು! ಒಂದರಾಗ ಸರತಿ ಸಾಲಂಗಿಲ್ಲ!”

ದೇವಿಗೆ ಇಷ್ಟು ಬಡಗಿ ಕೆಲಸ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ನನಗೆ ಮಾತ್ರ ನಮ್ಮ ಗೋಡೆಯ ಇದ್ದಿಲ ಗೆರೆಗಳೆಲ್ಲ ಮಾತಾಡಿದಂತೆ ಕೇಳಿಸಿತು. ಮನೆಗೆ ಬಂದ ಮೇಲೆ ಲೀಡರ್ ತಾಯಿಯ ಮುಂದೆ ಅಟೆನ್ಷನ್ನಿನಲ್ಲಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, “ಯವ್ವಾ, ನೀ ಸುಳ್ಳು ಹೇಳಿದಿ,” ಎಂದ.

ಅತ್ತೆ ಕೂದಲು ಗಂಟು ಹಾಕಿಕೊಳ್ಳುತ್ತ, “ಸ್ಕೌಟು ನೀನು. ನಾ ಎಲ್ಲಿ ಸ್ಕೌಟ ಅದೀನೋ?” ಎಂದಳು.

ವಾರದೊಳಗೆ ಗೋಡೆ ಎದ್ದಿತು, ತೊಲೆ ಕೂತಿತು. ದೇವಿಯನ್ನು ಮೇಲೆ ಕಟ್ಟೆಗೆ ತಂದು ಕೂರಿಸಿದರು. ಕಲ್ಲು ಹೊತ್ತವರು ಯಾರು ಅಂತ ಮತ್ತೆ ಹೇಳಬೇಕೇ? ಗಂಗಾವತಿಯ ಶಿಬಿರದಲ್ಲಿ ಸಾಹೇಬರು, ಹುಲಿ ದಳ ಏನು ಖಿದ್ಮತ್ ಮಾಡಿತು ಎಂದು ಕೇಳಿದಾಗ, ನಮ್ಮ ಲೀಡರ್ ಸೆಲ್ಯೂಟು ಹೊಡೆದು, ಬಾವಿಯ ಕೆಲಸ ಆಯಿತು ಸಾಹೇಬರೇ, ಆದರೆ ನಮ್ಮ ದಳದಿಂದ ಆಗಲಿಲ್ಲ ಎಂದುಬಿಟ್ಟ! ಬಹುಮಾನ ಗುಡಿಸಿದ ಅಂಗಳ ಗುಡಿಸಿದವರಿಗೆ ಹೋಯಿತು. ಕೊಪ್ಪಳದವರೆಗೆ ನಾನು ಅವನ ಜೊತೆ ಮಾತಾಡಲಿಲ್ಲ.

ಮರುವರ್ಷ ಬಿತ್ತನೆಗೆ ಅತ್ತೆಯ ಕಾಲಲ್ಲಿ ಮತ್ತೆ ಹುಣ್ಣು ಎದ್ದಿತು. ಗೋಡೆ ಏಳುವ ಮುಂಚೆ ಕುಡಿದ ನೀರಿನ ಫಲ ಅದು, ಇನ್ನೊಂದು ವರ್ಷ ಕಾಯಿರಿ ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಓಣಿಯವರಿಗೆ ಡಾಕ್ಟರರ ಲೆಕ್ಕ ತಿಳಿಯದು. ದೇವಿಗೆ ಹೆದರಿ ಬಾಯಿಬಿಟ್ಟು ಬೈಯಲಿಲ್ಲ, ಅಷ್ಟೆ. ಲೀಡರ್ ಹೊರಸಿನ ಪಕ್ಕ ಕೂತು ಕಡ್ಡಿಗೆ ಹುಳು ಸುತ್ತುತ್ತ, “ಇನ್ನೊಂದು ಬಿತ್ತಿಗಿ ತಡಿಯವ್ವ,” ಎನ್ನುತ್ತಿದ್ದ. ಆ ವರ್ಷವಿಡೀ ಅವನು ಮನೆಯ ನೀರನ್ನು ಎರಡು ಸಲ ಸೋಸದೆ ತಾಯಿಗೆ ಕುಡಿಯಗೊಡಲಿಲ್ಲ. ಹೊರಗೆ ಎಲ್ಲೂ ನೀರು ಕುಡಿಯಬಾರದೆಂದು ಆಕೆಯಿಂದ ಆಣೆ ಹಾಕಿಸಿಕೊಂಡಿದ್ದ. ರಾತ್ರಿ ನಿದ್ದೆಯಲ್ಲಿ ಅವನು ಹಲ್ಲು ಕಡಿಯುವುದು ನನಗೆ ಕೇಳಿಸುತ್ತಿತ್ತು.

ಮತ್ತೊಂದು ಮುಂಗಾರು ಬಂತು. ಯಾರ ಮನೆಯಲ್ಲೂ ಹೊರಸು ಹಾಕಲಿಲ್ಲ. ಅದನ್ನು ಯಾರೂ ಗಮನಿಸಲೂ ಇಲ್ಲ. ಬಂದ ರೋಗವನ್ನು ಜನ ಎಣಿಸುತ್ತಾರೆ, ಬಾರದ್ದನ್ನು ಯಾರು ಎಣಿಸುತ್ತಾರೆ? ನಾವಿಬ್ಬರೂ ಬೀಜದ ಚೀಲ ಹೊತ್ತು ನಮ್ಮ ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಹೋದಾಗ ಅಪ್ಪ ಬಿತ್ತುವ ಕೂರಿಗೆ ಹೂಡಿದ್ದರು. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು, ಬಟ್ಟಲಿಗೆ ಕಾಳು ಬಿಡುತ್ತ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಅತ್ತೆ ನಡೆಯುತ್ತಿದ್ದಳು. ಎತ್ತುಗಳ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದಳು. ಎಷ್ಟೋ ವರ್ಷದ ಮೇಲೆ ನಮ್ಮ ಹೊಲದ ಮಣ್ಣು ಆಕೆಯ ಕಾಲಿಗೆ ಹತ್ತಿತ್ತು.

ಲೀಡರ್ ಚೀಲ ಇಳಿಸಿ ಬದುವಿನ ಮೇಲೆ ಕೂತುಬಿಟ್ಟ. ಹ್ಯಾಟು ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡ. ಭುಜ ಅಲುಗುತ್ತಿತ್ತು.

“ನಮ್ಮವ್ವ ನಡ್ಯಾಕತ್ತಾಳ ನೋಡಲೇ,” ಎಂದ.

ಅವನ ಮೇಲೆ ಆ ಗಳಿಗೆಯಲ್ಲಿ ನನಗೆ ಬಂದ ಪ್ರೀತಿಯನ್ನು ಏನೆಂದು ಹೇಳಲಿ?

“ಯಾಕ ಕುಂತ್ರಲೇ ಇಬ್ಬರೂ?” ದೂರದಿಂದ ಅತ್ತೆ ಗದರಿದಳು. “ಬೀಜ ಮುಗಿಯಾಕ ಬಂತು, ಚೀಲ ತರ್ರಿ!”

ಅವನು ಕಣ್ಣೊರೆಸಿಕೊಂಡು ಏಳಹೋದ. ನಾನು ಅವನ ಹೆಗಲು ಒತ್ತಿ ಕೂರಿಸಿದೆ.

“ನೀ ಕುಂಡ್ರು. ನೋಡ್ಕೋತ ಕುಂಡ್ರು,” ಎಂದೆ. “ಎರಡೂ ಚೀಲ ನಾನs ಒಯ್ತೀನಿ.”